ವೆಬ್‌ಸೈಟಿಗೂ ಹಾಕಲಿ, ಪೇಪರಿನಿಂದ ತೆಗೆಯುವುದು ಬೇಡ

ಮಾನ್ಯ ಸಂಪಾದಕರೇ,

ಸ್ಥಳೀಯ ಸಂಸ್ಥೆಗಳ ಕಾನೂನು ಪ್ರಕಟಣೆಗಳಿಗೆ ಪತ್ರಿಕೆ ಯಾಕೆ, ವೆಬ್‌ಸೈಟಿಗೆ ಹಾಕಿದರೆ ಸಾಕು ಎನ್ನುವವರು ಈಗ ಜಾಸ್ತಿ. ಜಾಹೀರಾತಿನ ದುಡ್ಡು ಉಳಿಯುತ್ತೆ, ಹೇಗೂ ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಎನ್ನುತ್ತಾರೆ. ನಾನು ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಪೇಪರ್ ಬಂದ ಕೂಡಲೇ ನನ್ನ ಕಣ್ಣು ಹೋಗುವುದು ಒಳಪುಟದ ಟೆಂಡರು, ಹರಾಜು, ರಸ್ತೆ ಅಗಲೀಕರಣ, ಆಕ್ಷೇಪಣೆ ಆಹ್ವಾನಗಳ ಕಡೆಗೆ. ರಾಜಕೀಯವೆಲ್ಲ ಆಮೇಲೆ.

ಪೇಪರಿನ ವ್ಯವಸ್ಥೆ ಚೆನ್ನಾಗಿದೆ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಇರುವೆ ಸಾಲಿನಂಥ ಅಕ್ಷರ, ಸರ್ವೆ ನಂಬರ್ ಓದಲು ಭೂತಗನ್ನಡಿ ಬೇಕು. ಯಾರಿಗೂ ಗೊತ್ತಾಗಬಾರದ ಪ್ರಕಟಣೆಯನ್ನು ಯಾರೂ ಕೊಳ್ಳದ ಪತ್ರಿಕೆಗೆ ಕೊಡುವ ಚಾಳಿಯೂ ಹಳೆಯದೇ. ನೀವು ಈ ಪತ್ರ ಹಾಕಿದರೆ ‘ಜಾಹೀರಾತು ತಪ್ಪಿಹೋಗುತ್ತೆ ಅಂತ ಹಾಕಿದ್ದಾರೆ’ ಎಂದು ಜನ ಆಡಿಕೊಳ್ಳಬಹುದು. ಅದರಲ್ಲಿ ಸ್ವಲ್ಪ ನಿಜವೂ ಇದೆ ಅಲ್ವಾ?

ನಮ್ಮ ಕೆಲಸದಲ್ಲಿ ನೋಟಿಸಿನ ಜೀವ ಇರುವುದು ತಾರೀಖಿನಲ್ಲಿ. ಆಕ್ಷೇಪಣೆಯ ಗಡುವು ಅಲ್ಲಿಂದಲೇ ಶುರು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಜಮೀನಿನವರಿಗೆ ಸಿಗುವುದು 60 ದಿನ. ಪೇಪರಿನ ತಲೆಯ ಮೇಲೆ ಅಚ್ಚಾದ ತಾರೀಖನ್ನು ನೋಟಿಸು ಕೊಟ್ಟ ಕಚೇರಿಯವರು ತಿದ್ದಲಾರರು. ಪ್ರತಿಗಳು ಸಾವಿರಾರು ಮನೆ ಸೇರಿರುತ್ತವೆ. ವೆಬ್‌ಸೈಟಿನಲ್ಲಾದರೆ ಹಾಕುವವರು, ತೆಗೆಯುವವರು, ‘ಅವತ್ತೇ ಹಾಕಿದ್ದೆವು’ ಎಂದು ಹೇಳುವವರು ಎಲ್ಲಾ ಒಬ್ಬರೇ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಒಮ್ಮೆ ಕಕ್ಷಿದಾರರೊಬ್ಬರಿಗಾಗಿ ಒಂದು ಸ್ಥಳೀಯ ಸಂಸ್ಥೆಯ ವೆಬ್‌ಸೈಟಿನಲ್ಲಿ ರಸ್ತೆ ಅಗಲೀಕರಣದ ಪ್ರಕಟಣೆ ಹುಡುಕಬೇಕಾಯಿತು. ‘ಇತ್ತೀಚಿನ ಸುದ್ದಿ’ ಎನ್ನುವ ಪಟ್ಟಿಯಲ್ಲಿ ಹಳೇ ಹಬ್ಬದ ಶುಭಾಶಯ ಇನ್ನೂ ಓಡುತ್ತಿತ್ತು. ಪ್ರಕಟಣೆ ಸಿಕ್ಕಿದ್ದು ‘ಇತರೆ’ ಎನ್ನುವ ಕೊಂಡಿಯ ಕೆಳಗೆ. ಅಡ್ಡಡ್ಡ ಸ್ಕ್ಯಾನ್ ಮಾಡಿದ ಪಿಡಿಎಫ್, ಎರಡು ಸರ್ವೆ ನಂಬರುಗಳ ಮೇಲೇ ಮೊಹರು. ಜೊತೆಗಿದ್ದ ಪಟ್ಟಿ ಹಳೇ ನುಡಿ ಫಾಂಟಿನದು. ಕಾಪಿ ಮಾಡಿ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಾಗಾಗಿ ಊರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಆ ಪಟ್ಟಿ ಜನ್ಮದಲ್ಲಿ ಸಿಗುವುದಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಅದೇ ಲಿಂಕಿನಲ್ಲಿ ಬೇರೆ ಪ್ರತಿ ಕೂತಿತ್ತು. ಸರ್ವೆ ನಂಬರ್ ಒಂದು ಹೆಚ್ಚಾಗಿತ್ತು, ತಾರೀಖು ಮಾತ್ರ ಹಳೆಯದೇ! ಮೊದಲನೆಯದರ ಪ್ರಿಂಟ್ ನನ್ನ ಫೈಲಿನಲ್ಲಿತ್ತು. ತೋರಿಸಿದರೆ ಆ ಕಚೇರಿಯವರು ‘ಇದು ನಮ್ಮ ವೆಬ್‌ಸೈಟಿನದೇ ಅಂತ ಏನು ಗ್ಯಾರಂಟಿ?’ ಎಂದರು. ಅವರು ಕೇಳಿದ್ದು ತಪ್ಪೂ ಅಲ್ಲ. ಇಂಥ ಪ್ರಿಂಟನ್ನು ಕೋರ್ಟಿಗೆ ಹಾಜರು ಮಾಡಬೇಕಾದರೆ ಅದು ಎಲ್ಲಿಂದ, ಹೇಗೆ ತೆಗೆದದ್ದು ಎನ್ನುವ ಪ್ರಮಾಣಪತ್ರ ಬೇಕು. ಮೊದಲು ಸಾಕ್ಷ್ಯ ಕಾಯ್ದೆಯ 65ಬಿ ಇತ್ತು, 2024ರ ಜುಲೈನಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಗುಂಟೆ ಜಮೀನು ಇರುವವರು ಇದನ್ನೆಲ್ಲ ಎಲ್ಲಿಂದ ತರಬೇಕು?

ಬೇರೆ ಕಡೆ ಆನ್‌ಲೈನಿಗೆ ಹೋಗಿಲ್ಲವೇ ಎಂದರೆ, ಹೋಗಿದ್ದಾರೆ. ಅಮೆರಿಕದ ಫ್ಲಾರಿಡಾದಲ್ಲಿ 2023ರಿಂದ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ವೆಬ್‌ಸೈಟಿನಲ್ಲಿ ನೋಟಿಸು ಹಾಕಬಹುದು. ಆದರೆ ಹಾಗೆ ಮಾಡುವ ಸಂಸ್ಥೆ, ಹೆಸರು ಬರೆಸಿದವರಿಗೆ ಅಂಚೆ ಅಥವಾ ಇಮೇಲಿನಲ್ಲೂ ನೋಟಿಸು ಕಳಿಸಬೇಕು. ನಮ್ಮಲ್ಲಿ ‘ವೆಬ್‌ಸೈಟ್ ಸಾಕು’ ಎನ್ನುವವರ ಬಾಯಲ್ಲಿ ಈ ಅರ್ಧ ಬರುವುದೇ ಇಲ್ಲ.

ನಮ್ಮ ಭೂಸ್ವಾಧೀನ ಕಾಯ್ದೆಯ 11ನೇ ಕಲಮನ್ನೇ ನೋಡಿ. ರಾಜ್ಯಪತ್ರ, ಎರಡು ದಿನಪತ್ರಿಕೆ (ಅದರಲ್ಲಿ ಒಂದು ಸ್ಥಳೀಯ ಭಾಷೆಯದು), ಪಂಚಾಯಿತಿ ಕಚೇರಿ, ವೆಬ್‌ಸೈಟು, ಎಲ್ಲವೂ ಬೇಕು ಎಂದಿದೆ. ಸ್ಥಳೀಯ ಸಂಸ್ಥೆಗಳೂ ಅದೇ ದಾರಿ ಹಿಡಿಯಲಿ. ದುಡ್ಡಿನದೇ ಚಿಂತೆಯಾದರೆ ಪೇಪರಿನಲ್ಲಿ ನಾಲ್ಕು ಸಾಲು ಸಾಕು: ಯಾವ ವಿಷಯ, ಯಾವ ಸರ್ವೆ ನಂಬರುಗಳು, ಕೊನೇ ತಾರೀಖು, ಪೂರ್ತಿ ಪ್ರತಿ ಎಲ್ಲಿದೆ. ವೆಬ್‌ಸೈಟಿನಲ್ಲಿ ಹಾಕುವುದು ಯುನಿಕೋಡ್ ಕನ್ನಡದಲ್ಲಿರಲಿ, ಅಂದರೆ ಹುಡುಕಿದರೆ ಸಿಗುವ, ಕಾಪಿ ಮಾಡಿದರೂ ಕೆಡದ ಅಕ್ಷರದಲ್ಲಿ. ತಿದ್ದಿದರೆ ಹೊಸ ತಾರೀಖಿನಲ್ಲಿ ಹೊಸ ಪ್ರತಿ ಹಾಕಿ, ಹಳೆಯದನ್ನೂ ಪಕ್ಕದಲ್ಲೇ ಉಳಿಸಲಿ. ಆ ಪ್ರತಿಗಳು ಆಯಾ ಕಚೇರಿಯ ಕೈಗೆ ಸಿಗದ ಕಡೆ ಇದ್ದರೆ ಇನ್ನೂ ಒಳ್ಳೆಯದು.

ಸಂಪಾದಕರೇ, ನಿಮ್ಮನ್ನೂ ಒಂದು ಮಾತು ಕೇಳಬೇಕು. ನಿಮ್ಮ ಇ-ಪೇಪರಿನಲ್ಲೂ ಈ ಪ್ರಕಟಣೆಗಳು ಬರೀ ಚಿತ್ರವಾಗಿ ಬರುತ್ತವೆ, ಒಂದು ಪದ ಹುಡುಕಲೂ ಆಗುವುದಿಲ್ಲ. ಅವನ್ನು ಅಕ್ಷರರೂಪದಲ್ಲಿ, ದುಡ್ಡು ಕೇಳದೆ ಒಂದು ಕಡೆ ಹಾಕುತ್ತೀರಾ?

– ವಕೀಲರ ಕಚೇರಿಯ ಗುಮಾಸ್ತ