ಬಿರುಕು ಹುಡುಕಲು ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ, ಸೋದರಮಾವನ ಆಶೀರ್ವಾದಗಳು.

ಗ್ಯಾಸ್ ಪೈಪ್‌ಲೈನ್ ತಪಾಸಣೆಯ ಕೆಲಸ ಸಿಕ್ಕಿತಂತೆ, ಅಕ್ಕ ಫೋನ್ ಮಾಡಿದ್ದಳು. ತುಂಬಾ ಖುಷಿಯಾಯಿತು. ಕಂಪ್ಯೂಟರ್ ಮುಂದೆ ಕೂತು ಡೇಟಾ ನೋಡುವ ಕೆಲಸ ಅಂದಳು. ಅದಕ್ಕೇ ಈ ಪತ್ರ.

ಪೈಪಿನೊಳಗೆ ಓಡಿಸುವ ಆಯಸ್ಕಾಂತದ ಪಿಗ್, ಅಂದರೆ ತಪಾಸಣೆಯ ಯಂತ್ರ, ತುಕ್ಕು ತಿಂದ ಜಾಗವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಮಾಮೂಲಿ ಪಿಗ್‌ನ ಕಾಂತರೇಖೆಗಳು ಪೈಪಿನ ಉದ್ದಕ್ಕೆ ಸಾಗುತ್ತವೆ. ಬಿರುಕೂ ಉದ್ದಕ್ಕೇ ಇದ್ದರೆ ಅದರ ಪಕ್ಕದಲ್ಲೇ ಸುಮ್ನೆ ಹೋಗಿಬಿಡುತ್ತವೆ. ಗ್ಯಾಸಿನ ಒತ್ತಡಕ್ಕೆ ಬಿರುಕು ಬೀಳುವುದು ಜಾಸ್ತಿ ಉದ್ದಕ್ಕೇ ಅಲ್ವಾ? ಆ ರಿಪೋರ್ಟ್ ಕ್ಲೀನ್ ಇದೆ ಅಂದಮಾತ್ರಕ್ಕೆ ಬಿರುಕಿಲ್ಲ ಅಂತ ತಿಳಿಯಬೇಡ.

ಬಿರುಕು ಹುಡುಕಲು ಇಮ್ಯಾಟ್ (EMAT) ಬೇಕು, ಅಂದರೆ ಆಯಸ್ಕಾಂತದ ಬಲದಿಂದ ಅಲ್ಟ್ರಾಸೌಂಡ್ ಹುಟ್ಟಿಸುವ ಸೆನ್ಸರ್. ಬೇರೆ ಅಲ್ಟ್ರಾಸೌಂಡ್‌ಗೆ ನಡುವೆ ನೀರೋ ಎಣ್ಣೆಯೋ ಇರಬೇಕು, ಗ್ಯಾಸ್ ಲೈನಿನಲ್ಲಿ ಅದೆಲ್ಲಿ ಬರಬೇಕು! ಇಮ್ಯಾಟ್‌ನ ಆಯಸ್ಕಾಂತ ಮತ್ತು ಕಾಯಿಲ್ ಸೇರಿ ಉಕ್ಕನ್ನೇ ಅದುರಿಸುತ್ತವೆ. ಅಲೆ ಪೈಪಿನ ಗೋಡೆಯಲ್ಲೇ ಹುಟ್ಟಿ, ಬಿರುಕಿಗೆ ಬಡಿದು ವಾಪಸ್ ಬರುತ್ತದೆ. ಕೋಟಿಂಗ್ ಬಿಟ್ಟುಕೊಂಡಿದ್ದರೆ ಅದೂ ಗೊತ್ತಾಗುತ್ತದೆ. ಆದರೆ ಸಿಗ್ನಲ್ ತೀರಾ ಕ್ಷೀಣ. ಸೆನ್ಸರ್ ಗೋಡೆಯಿಂದ ಚೂರು ಎದ್ದರೂ ಕೆಟ್ಟಿತು.

ಅದಕ್ಕೇ ಹೇಳುತ್ತೇನೆ, ಡೇಟಾದಲ್ಲಿ ಬಿರುಕಿನ ಅನುಮಾನ ಬಂದ ಜಾಗವನ್ನು ಕಣ್ಣಾರೆ ನೋಡಲು ಗುಂಡಿ ತೋಡುವ ಕಡೆಗೆ ನೀನೇ ಹೋಗು. ಕೋಟಿಂಗ್ ತೆಗೆದು, ಪೈಪನ್ನು ಹೊಳೆಯುವಂತೆ ಉಜ್ಜಿ, ತೆಳ್ಳಗೆ ಬಿಳಿ ಬಣ್ಣ ಹೊಡೆಯುತ್ತಾರೆ. ಯೋಕ್ ಅನ್ನುವ ಕೈಯಲ್ಲಿ ಹಿಡಿಯುವ ಆಯಸ್ಕಾಂತವನ್ನು ಪೈಪಿಗೆ ಅಡ್ಡ ಇಟ್ಟು, ಕಬ್ಬಿಣದ ಪುಡಿ ಬೆರೆತ ಕಪ್ಪು ಇಂಕ್ ಬಿಡುತ್ತಾರೆ. ಆಗ ನೋಡಬೇಕು ನೀನು. ಏನೂ ಇಲ್ಲದ ಬಿಳಿ ಮೈಮೇಲೆ ಕೂದಲೆಳೆಯಂಥ ಕರೀ ಗೆರೆಗಳು ಒಂದರ ಪಕ್ಕ ಒಂದು, ಗುಂಪಾಗಿ ಮೂಡುತ್ತವೆ. ನಿನ್ನ ಸ್ಕ್ರೀನಿನ ಪ್ರಿಂಟ್ ಪಕ್ಕದಲ್ಲೇ ಹಿಡಿದು ಹೋಲಿಸು. ನೀನು ಅಂದುಕೊಂಡಿದ್ದಕ್ಕಿಂತ ಬಿರುಕು ಆಳ ಇದ್ದರೆ ಹಾಗೇ ಬರೆ.

ಅಗೆಯುವುದು ದುಬಾರಿ, ಇದೊಂದು ಬಿಡಮ್ಮ ಅನ್ನುವವರು ಸಿಗುತ್ತಾರೆ. ಬಿಡಬೇಡ. 1965ರ ಮಾರ್ಚ್ 4ರಂದು ಅಮೆರಿಕದ ಲೂಯಿಸಿಯಾನದಲ್ಲಿ, ನ್ಯಾಕಟಿಶ್ ಊರಿನ ಹತ್ತಿರ ಗ್ಯಾಸ್ ಲೈನ್ ಸಿಡಿದು 17 ಜನ ಸತ್ತರು. ತುಕ್ಕು ಮತ್ತು ಒತ್ತಡ ಸೇರಿ ಬೆಳೆಸಿದ ಇಂಥದೇ ಬಿರುಕು ಕಾರಣ. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಲೈನ್ ನಮ್ಮ ಧಾರವಾಡ, ಚಿತ್ರದುರ್ಗ ಕಡೆಯ ನೆಲದ ಕೆಳಗೇ ಹೋಗಿದೆ. ಮೇಲೆ ಜನ ಹೊಲ ಉಳುತ್ತಿರುತ್ತಾರೆ.

ಗುಂಡಿಗೆ ಇಳಿಯುವ ಮುಂಚೆ ಎರಡು ಮಾತು ಕೇಳು: ಲೈನಿನ ಒತ್ತಡ ಇಳಿಸಿದ್ದಾರಾ, ಮಣ್ಣು ಕುಸಿಯದಂತೆ ಆಸರೆ ಕೊಟ್ಟಿದ್ದಾರಾ. ಎರಡಕ್ಕೂ ಹೌದು ಅಂದಮೇಲೇ ಇಳಿ.

ಇಂತಿ,
ನಿನ್ನ ಮಾವ