ಮೂರು ಗಾಲಿಯ ಗಾಡಿ ಕೊಳ್ಳುವ ಮೊದಲು

ಚಿ. ಸೌ. ನಂದಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೂಸಿಗೆ ಕೊಳ್ಳಬೇಕೆಂದಿರುವ ತಳ್ಳುಗಾಡಿಗಳೆಂದು ನೀನು ಕಳಿಸಿದ ಮೂರೂ ಚಿತ್ರಗಳನ್ನು ಕನ್ನಡಕ ಒರೆಸಿಕೊಂಡು ನೋಡಿದೆ. ಎಲ್ಲದರಲ್ಲೂ ಮೂರೇ ಗಾಲಿ. ನಿನ್ನ ದೊಡ್ಡಮ್ಮ ಹಿಂದಿನಿಂದ ಬಗ್ಗಿ ನೋಡಿ, "ಇದೇನು, ಒಂದು ಗಾಲಿ ಎಲ್ಲಿ ಬಿದ್ದುಹೋಯಿತು?" ಎಂದಳು. ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ. ನಾಲ್ಕಿರುವ ಕಡೆ ಒಂದನ್ನು ಬಿಟ್ಟುಕೊಟ್ಟರೆ ಬದಲಿಗೆ ಸಿಗುವುದೇನು ಎಂದು ತಿಳಿದೇ ಕೊಳ್ಳಬೇಕು. "ಮೂರರಲ್ಲಿ ಯಾವುದು ಚೆಂದ?" ಎಂದು ನೀನು ಕೇಳಿದ್ದೀಯೆ. ಚೆಂದದ ವಿಷಯದಲ್ಲಿ ನನ್ನ ಮಾತಿಗೆ ನಮ್ಮ ಮನೆಯಲ್ಲೇ ಬೆಲೆಯಿಲ್ಲ. ಮುಕ್ಕಾಲಿಯ ವಿಷಯ ಬೇರೆ. ಮೂವತ್ತು ವರ್ಷ ಅದನ್ನು ಹೆಗಲ ಮೇಲೆ ಹೊತ್ತು ಭೂಮಿ ಅಳೆದವನು ನಾನು.

ನಾಲ್ಕು ಕಾಲಿನ ಮೇಜನ್ನು ಉಬ್ಬುತಗ್ಗಿನ ನೆಲದಲ್ಲಿಟ್ಟರೆ ಕುಂಟುತ್ತದೆ. ಒಂದು ಕಾಲಿನ ಕೆಳಗೆ ಕಾಗದ ಮಡಚಿ ಇಡಬೇಕಾಗುತ್ತದೆ. ಅಳತೆಯ ಯಂತ್ರವನ್ನು ಹೊರುವ ಮುಕ್ಕಾಲಿಗೆ ಆ ರೋಗವಿಲ್ಲ. ನೆಲ ಹೇಗೇ ಇರಲಿ, ಅದರ ಮೂರು ಕಾಲೂ ಊರಿರುತ್ತವೆ, ಏಕೆಂದರೆ ಯಾವ ಮೂರು ಬಿಂದುಗಳನ್ನು ತೆಗೆದುಕೊಂಡರೂ ಅವುಗಳ ಮೂಲಕ ಒಂದು ಸಮತಲ ಹಾದುಹೋಗಿಯೇ ತೀರುತ್ತದೆ. ಮೂರು ಗಾಲಿಯ ಗಾಡಿಯ ಗುಣವೂ ಇದೇ. ಕಲ್ಲುಮಣ್ಣಿನ ದಾರಿಯಲ್ಲಿ ಅದರ ಯಾವ ಗಾಲಿಯೂ ಗಾಳಿಯಲ್ಲಿ ತೇಲುವುದಿಲ್ಲ. ಮುಂದೆ ಒಂದೇ ಗಾಲಿ ಇರುವುದರಿಂದ ಎರಡು ಕಲ್ಲುಗಳ ನಡುವೆ ದಾರಿ ಹುಡುಕುವುದೂ ಸುಲಭ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಗುವಿನ ಗಾಡಿಯ ವಿಷಯದಲ್ಲಿ ಮಾತ್ರ ತಪ್ಪನ್ನು ನೆಲದ ಮೇಲೆ ಹೊರಿಸುವುದು ನ್ಯಾಯವೇ. ಸಣ್ಣ ಗಾಲಿಯ ಗಾಡಿ ಹುಲ್ಲಿನಲ್ಲಿ, ಜಲ್ಲಿಯಲ್ಲಿ ನಿಜವಾಗಿಯೂ ಮೊಂಡು ಹಿಡಿಯುತ್ತದೆ.

ಇಷ್ಟು ಹೊಗಳಿದೆನೆಂದು ಅಂಗಡಿಗೆ ಓಡಬೇಡ. ಒಂದು ಕಾಗದದ ಮೇಲೆ ಹಿಂದಿನ ಎರಡು ಗಾಲಿಗೆ ಎರಡು ಚುಕ್ಕೆ, ಮುಂದಿನದಕ್ಕೆ ಒಂದು ಚುಕ್ಕೆ ಇಟ್ಟು ಗೆರೆ ಎಳೆ. ತ್ರಿಕೋನ ಬರುತ್ತದೆ. ಮಗು ಮತ್ತು ಗಾಡಿಯ ಒಟ್ಟು ಭಾರದ ನಡುಬಿಂದು ಈ ತ್ರಿಕೋನದೊಳಗೆ ಬೀಳುತ್ತಿರುವವರೆಗೆ ಗಾಡಿ ನಿಲ್ಲುತ್ತದೆ, ಗೆರೆ ದಾಟಿದರೆ ಮಗುಚುತ್ತದೆ. ನಾಲ್ಕು ಗಾಲಿಯದ್ದಾದರೆ ಅದು ಆಯತ. ಮೂರು ಗಾಲಿಯಲ್ಲಿ ಆ ಆಯತದ ಮುಂದಿನ ಎರಡು ಮೂಲೆಗಳನ್ನು ಕತ್ತರಿಸಿ ತೆಗೆದ ಹಾಗೆ. ಆದ್ದರಿಂದ ಮಗು ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೆ ಬಾಗಿದಾಗ, ಇಲ್ಲವೇ ನೀನು ರಸ್ತೆಯ ಅಂಚಿನಿಂದ ಓರೆಯಾಗಿ ಇಳಿಸುತ್ತಾ ತಿರುಗಿಸಿದಾಗ, ಈ ಗಾಡಿಗೆ ಅಪಾಯ ಹೆಚ್ಚು. ಅಂಚನ್ನು ನೇರವಾಗಿ ಎದುರಿಸಿ ಇಳಿಸು. ಹತ್ತಿಸುವುದು ಇನ್ನೂ ಸುಲಭ: ಹಿಡಿಕೆಯನ್ನು ತುಸು ಒತ್ತಿದರೆ ಹಿಂದಿನ ಅಚ್ಚಿನ ಮೇಲೆ ಗಾಡಿ ವಾಲಿ ಮುಂದಿನ ಗಾಲಿ ತಾನೇ ಮೇಲೇಳುತ್ತದೆ.

ತಯಾರಕರಿಗೂ ಈ ತ್ರಿಕೋನದ ಲೆಕ್ಕ ಗೊತ್ತು. ಅದಕ್ಕೇ ಒಳ್ಳೆಯ ಗಾಡಿಗಳಲ್ಲಿ ಆಸನವನ್ನು ತಗ್ಗಿಸಿ, ಹಿಂದಕ್ಕೆ ಸರಿಸಿ, ಹಿಂದಿನ ಗಾಲಿಗಳ ನಡುವಿನ ಅಂತರವನ್ನು ಅಗಲ ಮಾಡಿರುತ್ತಾರೆ. ಸಮತೋಲ ಬಂತು, ಸರಿ. ಆದರೆ ಆ ಅಗಲದ ಗಾಡಿ ಬಾಗಿಲಲ್ಲಿ ತೂರಬೇಕಲ್ಲ? ಹಿಂಭಾಗ 60 ಸೆಂಟಿಮೀಟರಿಗಿಂತ ಹೆಚ್ಚು ಅಗಲವಿರುವ ಗಾಡಿಗಳು ಎಷ್ಟೋ ಇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವಂತೆ, ಬಾಗಿಲು ಇದ್ದಷ್ಟು ಗಾಡಿ ಕೊಳ್ಳಬೇಕು. ಅಳತೆ ಪಟ್ಟಿ ಹಿಡಿದು ಮನೆಯ ಅತಿ ಕಿರಿದಾದ ಬಾಗಿಲನ್ನೂ ಲಿಫ್ಟಿನ ಬಾಗಿಲನ್ನೂ ಅಳೆ. ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದು ಖುಷಿಪಡಬೇಡ. ಬಾಗಿಲನ್ನು ಪೂರ್ತಿ ತೆರೆದ ಮೇಲೂ ಅದರ ದಪ್ಪ, ಕೆಲವೊಮ್ಮೆ ಹಿಡಿಕೆ ಕೂಡ, ದಾರಿಗೆ ಅಡ್ಡ ನಿಂತಿರುತ್ತದೆ. ಉಳಿದ ಜಾಗವಷ್ಟೇ ನಿನ್ನದು. ಲಿಫ್ಟಿನ ಒಳಗಿನ ಆಳವನ್ನೂ ಬರೆದುಕೊ, ಏಕೆಂದರೆ ಮುಂದೆ ಚಾಚಿಕೊಂಡ ಆ ಒಂಟಿ ಗಾಲಿ ಗಾಡಿಯನ್ನು ಉದ್ದ ಮಾಡುತ್ತದೆ. ಗಾಡಿ ಒಳಗೆ ಹೋಗಿ ನೀನು ಹೊರಗುಳಿದರೆ ಏನು ಪ್ರಯೋಜನ?

ಮುಂದಿನ ಗಾಲಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಅಂಗಡಿಯವರು ಬಾಯಿ ಬಿಡದ ವಿಷಯ ಅಲ್ಲೇ ಇರುವುದು. ಈ ಬಗೆಯ ಗಾಡಿಗೆ ಓಟಗಾರರ ರಕ್ತವಿದೆ. 1984ರ ಸುಮಾರಿಗೆ ಅಮೆರಿಕದಲ್ಲಿ ಓಟದ ಹುಚ್ಚಿದ್ದ ಒಬ್ಬ ಪತ್ರಕರ್ತ ಮಗನನ್ನು ಜೊತೆಗೆ ಕರೆದೊಯ್ಯಲೆಂದು ಮಗುವಿನ ಗಾಡಿಗೆ ಸೈಕಲ್ ಗಾಲಿಗಳನ್ನು ಜೋಡಿಸಿದ. ಅಲ್ಲಿಂದ ಓಟದ ಸ್ಟ್ರಾಲರ್ ಎಂಬ ಪಂಗಡವೇ ಬೆಳೆಯಿತು. ಅಪ್ಪಟ ಓಟದ ಗಾಡಿಯಲ್ಲಿ ಮುಂದಿನ ಗಾಲಿ ನೇರವಾಗಿ ಬಿಗಿದಿರುತ್ತದೆ, ತಿರುಗುವುದಿಲ್ಲ. ವೇಗದಲ್ಲಿ ಅದೇ ಕ್ಷೇಮ. ಆದರೆ ಅಂಗಡಿಯ ಎರಡು ಕಪಾಟುಗಳ ನಡುವೆ ತಿರುಗಬೇಕಾದರೆ ಪ್ರತಿಸಲವೂ ಹಿಡಿಕೆ ಒತ್ತಿ ಮುಂಭಾಗ ಎತ್ತಬೇಕು, ಮಣಿಕಟ್ಟು ನೋಯುತ್ತದೆ. ಸುತ್ತ ತಿರುಗುವ ಗಾಲಿಯಾದರೆ ಒಂದೇ ಕೈಯಲ್ಲಿ ನಡೆಸಬಹುದು, ಆದರೆ ವೇಗ ಹೆಚ್ಚಿದಾಗ ಅದು ಗಡಗಡ ನಡುಗತೊಡಗುತ್ತದೆ. ಸಣ್ಣ ಕಲ್ಲು ಅಡ್ಡ ಬಂದರೆ ಸರಕ್ಕನೆ ಪಕ್ಕಕ್ಕೆ ಹೊರಳಿ ಗಾಡಿಯನ್ನೇ ಮಗುಚಬಹುದು. ನಿನಗೆ ಬೇಕಾದದ್ದು ಮೂರನೆಯ ಬಗೆ: ತಿರುಗುವ ಗಾಲಿ, ಬೇಕೆಂದಾಗ ನೇರಕ್ಕೆ ಬಿಗಿಯುವ ಗುಬುಟಿ. ಆ ಗುಬುಟಿಯನ್ನು ಅಂಗಡಿಯಲ್ಲೇ ನಾಲ್ಕು ಸಲ ಹಾಕಿ ತೆಗೆದು ನೋಡು. ಬಿಗಿದ ಮೇಲೆ ಗಾಡಿಯನ್ನು ತಳ್ಳಿ ಕೈ ಬಿಡು. ನೇರ ಹೋಗದೆ ಒಂದು ಕಡೆಗೆ ಎಳೆದರೆ, ಹಿಂದಿನ ಟೈರುಗಳ ಗಾಳಿಯಲ್ಲಿ ಹೆಚ್ಚುಕಡಿಮೆ ಇರಬಹುದು, ಇಲ್ಲವೇ ಗಾಲಿಯ ಜೋಡಣೆ ಸರಿಪಡಿಸಬೇಕಿರಬಹುದು.

ಇನ್ನೊಂದು ಮೋಸವಿದೆ. ಮೂರು ಗಾಲಿ, ದಪ್ಪ ಟೈರು, ಓಟದ ಗಾಡಿಯ ಠೀವಿ ಎಲ್ಲವೂ ಇದ್ದು, ಕೈಪಿಡಿಯ ಒಳಪುಟದಲ್ಲಿ ಮಾತ್ರ "ಓಡುವುದಕ್ಕೆ ಬಳಸಬಾರದು" ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಹುಲಿಯ ಚರ್ಮ ಹೊದ್ದ ಬೆಕ್ಕುಗಳು ಅವು. ಆ ಪುಸ್ತಕವನ್ನು ಹಣ ಕೊಡುವ ಮೊದಲೇ ತೆರೆಸಿ ಓದು. ನಿಜವಾದ ಓಟದ ಗಾಡಿಯಲ್ಲಿ ದೊಡ್ಡ ಗಾಲಿಗಳಿರುತ್ತವೆ, ಸಾಮಾನ್ಯವಾಗಿ ಮುಂದೆ 12 ಅಂಗುಲ, ಹಿಂದೆ 16 ಅಂಗುಲ. ನಿನ್ನ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿಯೂ ಇರುತ್ತದೆ, ಹಲವದರಲ್ಲಿ ಸೈಕಲ್ಲಿನಂಥ ಕೈಬ್ರೇಕು ಕೂಡ.

ನಿಜ ಹೇಳು, ನೀನು ಓಡುತ್ತೀಯಾ? ಬೆಳಗ್ಗೆ ಏಳಿಸಲು ನಿನ್ನ ಅಮ್ಮ ಎಷ್ಟು ಕಷ್ಟಪಡುತ್ತಿದ್ದಳೆಂದು ನಾನು ಕಂಡವನು. ಓಡುವ ಆಸೆ ಇದ್ದರೂ ಈ ವರ್ಷದ ಬಹುಪಾಲು ಅದು ನಡೆಯುವ ಮಾತಲ್ಲ. ಕತ್ತು ಗಟ್ಟಿಯಾಗದ ಕೂಸನ್ನು ಕುಲುಕಬಾರದು. ಕನಿಷ್ಠ 6 ತಿಂಗಳು ತುಂಬಲಿ ಎನ್ನುತ್ತಾರೆ. 8 ತಿಂಗಳವರೆಗೆ ಬೇಡ ಎನ್ನುವ ವೈದ್ಯರೂ ಇದ್ದಾರೆ. ತಯಾರಕರು ಬರೆದ ವಯಸ್ಸು, ನಿನ್ನ ಮಗುವಿನ ವೈದ್ಯರು ಹೇಳಿದ ವಯಸ್ಸು, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿ.

ಈಗಿನ ಪ್ರಶ್ನೆ ಅದಕ್ಕಿಂತ ಹತ್ತಿರದ್ದು. ನಿನ್ನ ಕೂಸಿಗೆ ಇನ್ನೂ ಐದು ವಾರ. ಅದು ಕೂರುವ ವಯಸ್ಸಲ್ಲ, ಮಲಗುವ ವಯಸ್ಸು. ನೀನು ಕಳಿಸಿದ ಎರಡನೆಯ ಚಿತ್ರದ ಗಾಡಿಯಲ್ಲಿ ಬೆನ್ನು ಅರ್ಧಕ್ಕಷ್ಟೇ ವಾಲುತ್ತದೆ. ಅದನ್ನು ಇವತ್ತೇ ಪಟ್ಟಿಯಿಂದ ತೆಗೆದುಹಾಕು. ಹುಟ್ಟಿದ ಮಗುವಿಗೆ ಆಸನ ಹೆಚ್ಚುಕಡಿಮೆ ಪೂರ್ತಿ ಚಪ್ಪಟೆಯಾಗಬೇಕು, ಇಲ್ಲವೇ ಚೌಕಟ್ಟಿನ ಮೇಲೆ ತೊಟ್ಟಿಲಿನಂಥ ಬುಟ್ಟಿ ಕೂರಬೇಕು. ಅರ್ಧ ಕುಳಿತ ಭಂಗಿಯಲ್ಲಿ ಎಳೆಗೂಸಿನ ತಲೆ ಎದೆಯ ಮೇಲೆ ಬಾಗಿ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಕಾರಿನ ಆಸನವನ್ನೇ ಗಾಡಿಯ ಮೇಲೆ ಕೂರಿಸುವ ಅನುಕೂಲ ಮೂರನೆಯದರಲ್ಲಿದೆ. ಕಾರಿನಿಂದ ಮನೆಯೊಳಗೆ ತರುವಷ್ಟಕ್ಕೆ ಅದು ಒಳ್ಳೆಯದು. ಮಗು ಮಲಗಿತೆಂದು ಅದರಲ್ಲೇ ಗಂಟೆಗಟ್ಟಲೆ ಬಿಡಬೇಡ. ಒಟ್ಟು 2 ಗಂಟೆ ಮೀರಬಾರದು ಎಂಬುದು ಸಾಮಾನ್ಯವಾಗಿ ಕೊಡುವ ಸಲಹೆ, ತೀರಾ ಎಳೆಯ ಕೂಸಿಗೆ ಅದಕ್ಕಿಂತಲೂ ಕಡಿಮೆ.

ಮಗುವಿನ ಮುಖ ನಿನ್ನ ಕಡೆಗಿರಬೇಕೋ ಲೋಕದ ಕಡೆಗಿರಬೇಕೋ ಎಂಬ ಬಗ್ಗೆ ನನ್ನದು ಹಟದ ಅಭಿಪ್ರಾಯ: ಮೊದಲ ವರ್ಷ ಮುಖ ನಿನಗೆ ಕಾಣಬೇಕು. ಓಟಕ್ಕೆಂದು ಮಾಡಿದ ಗಾಡಿಗಳಲ್ಲಿ ಬಹುಪಾಲು ಮುಂದಕ್ಕೇ ಮುಖ ಮಾಡಿರುತ್ತವೆ. ಮಗು ಬಾಯಿಗೆ ಏನು ಹಾಕಿಕೊಂಡಿತು, ಬಿಸಿಲು ಕಣ್ಣಿಗೆ ಬಡಿಯುತ್ತಿದೆಯೇ, ಏನೂ ನಿನಗೆ ತಿಳಿಯುವುದಿಲ್ಲ. ಬಿಸಿಲಿನ ಮಾತು ಬಂತೆಂದು ಹೇಳುತ್ತೇನೆ, ಗಾಡಿಯ ಬಾಯಿಗೆ ಬಟ್ಟೆ ಹೊದಿಸಬೇಡ. ತೆಳುವಾದ ಬಟ್ಟೆಯೂ ಗಾಳಿಯಾಟ ತಡೆಯುತ್ತದೆ, ಒಳಗೆ ಬಿಸಿ ಬೇಗ ಏರುತ್ತದೆ.

ಟೈರಿನಲ್ಲಿ ಎರಡು ಮತ. ಗಾಳಿ ತುಂಬುವ ಟೈರು ಕುಲುಕಾಟವನ್ನು ನುಂಗುತ್ತದೆ, ಆದರೆ ಮುಳ್ಳು ಚುಚ್ಚಿದರೆ ನಡುದಾರಿಯಲ್ಲಿ ಕೂತುಬಿಡುತ್ತದೆ. ಫೋಮ್ ತುಂಬಿದ ಟೈರಿಗೆ ಪಂಕ್ಚರಿನ ಭಯವಿಲ್ಲ, ಕುಲುಕು ಜಾಸ್ತಿ. ನಯವಾದ ರಸ್ತೆಯೇ ಹೆಚ್ಚಾದರೆ ಫೋಮ್ ತೆಗೆದುಕೊಂಡು ನೆಮ್ಮದಿಯಿಂದಿರು. ಗಾಳಿಯದ್ದಾದರೆ ಒತ್ತಡ ಎಷ್ಟಿರಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಕೈಪಂಪಿನಿಂದಲೇ ತುಂಬು. ಪೆಟ್ರೋಲ್ ಬಂಕಿನ ಯಂತ್ರ ಕಾರಿನ ಟೈರಿಗೆ ಮಾಡಿದ್ದು. ಈ ಪುಟ್ಟ ಟೈರನ್ನು ಕಣ್ಣು ಮಿಟುಕಿಸುವುದರೊಳಗೆ ಒಡೆದುಹಾಕಬಲ್ಲದು. ಗಾಳಿ ತುಂಬುವಾಗ ಮಗು ಗಾಡಿಯಲ್ಲಿರಬಾರದು ಎಂದು ಬೇರೆ ಹೇಳಬೇಕೇ?

ನಿನ್ನ ಅಣ್ಣ ಹತ್ತು ತಿಂಗಳವನಿದ್ದಾಗ ನಡೆದದ್ದನ್ನು ನಿನ್ನ ದೊಡ್ಡಮ್ಮ ಇಂದಿಗೂ ಮರೆತಿಲ್ಲ, ನನಗೂ ಮರೆಯಲು ಬಿಟ್ಟಿಲ್ಲ. ಗಾಡಿಯ ಹಿಡಿಕೆಗೆ ಎರಡು ತುಂಬಿದ ಚೀಲ ನೇತುಹಾಕಿ, ಬೀಗದ ಕೈ ಹುಡುಕಲು ಕೈ ಬಿಟ್ಟೆ. ಗಾಡಿ ಹಿಂದಕ್ಕೆ ಮಗುಚಿತು. ಬೆಲ್ಟು ಹಾಕಿದ್ದರಿಂದ ಅವನು ಹಾಗೇ ಆಕಾಶ ನೋಡುತ್ತಾ ಮಲಗಿದ್ದ, ಕಿಲಕಿಲ ನಕ್ಕ. ನಾನು ನಗಲು ಬಹಳ ದಿನ ಬೇಕಾಯಿತು. ತ್ರಿಕೋನದ ಲೆಕ್ಕ ಊರಿಗೆಲ್ಲ ಹೇಳುತ್ತಿದ್ದವನು ಹಿಂದಿನ ಅಚ್ಚಿನ ಆಚೆಗೆ ಭಾರ ಹೇರಿದ್ದೆ! ಅದು ನಾಲ್ಕು ಗಾಲಿಯದ್ದು, ಗೊತ್ತೇ? ಹಿಂದಕ್ಕೆ ಬೀಳುವ ವಿಷಯದಲ್ಲಿ ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸವಿಲ್ಲ. ಚೀಲ ಏನಿದ್ದರೂ ಆಸನದ ಕೆಳಗಿನ ಬುಟ್ಟಿಗೆ, ಅದರಲ್ಲೂ ಬರೆದಿರುವಷ್ಟೇ ಭಾರ. ಐದು ಕೊಂಡಿಯ ಬೆಲ್ಟನ್ನು, ಎರಡು ಹೆಗಲಿಗೆ, ಎರಡು ಸೊಂಟಕ್ಕೆ, ಒಂದು ಕಾಲುಗಳ ನಡುವೆ, ಎರಡೇ ನಿಮಿಷದ ದಾರಿಗೂ ಹಾಕು.

ಬ್ರೇಕನ್ನು ಸಮನೆಲದಲ್ಲಿ ಪರೀಕ್ಷಿಸಿ ಒಪ್ಪಬೇಡ. ಮಗುವಿನಷ್ಟು ಭಾರದ ಸಾಮಾನನ್ನು ಕೂರಿಸಿ ಇಳಿಜಾರಿನಲ್ಲಿ ನಿಲ್ಲಿಸಿ ನೋಡು. ಪೆಡಲನ್ನು ಚಪ್ಪಲಿ ಕಾಲಿನಲ್ಲೂ ಎತ್ತಲು ಬರಬೇಕು. ಕೆಲವು ಪೆಡಲುಗಳನ್ನು ಕೆಳಗಿನಿಂದ ಮೇಲಕ್ಕೆ ಎತ್ತಬೇಕಾಗಿ, ಬರಿಗಾಲಿನ ಹೆಬ್ಬೆರಳು ತೇಯ್ದುಹೋಗುತ್ತದೆ. ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಗಾಡಿಯನ್ನು ಹಳಿಗೆ ಸಮಾನಾಂತರವಾಗಿ ನಿಲ್ಲಿಸಿ ಬ್ರೇಕು ಹಾಕು, ಕೈಯನ್ನೂ ಬಿಡಬೇಡ. ಕಣ್ಣಿಗೆ ಕಾಣದ ಇಳಿಜಾರು ಎಷ್ಟೋ ಕಡೆ ಇರುತ್ತದೆ, ನನ್ನ ಮಟ್ಟದ ಯಂತ್ರ ನನಗದನ್ನು ದಿನವೂ ತೋರಿಸುತ್ತಿತ್ತು. ಎಸ್ಕಲೇಟರಿಗೆ ಗಾಡಿಯೊಂದಿಗೆ ಹೆಜ್ಜೆಯಿಡಲೇ ಬೇಡ.

ಮಡಚುವುದನ್ನು ಅಂಗಡಿಯವನು ತೋರಿಸಿದರೆ ಸಾಲದು, ಅವನು ದಿನಕ್ಕೆ ಇಪ್ಪತ್ತು ಸಲ ಮಾಡುತ್ತಾನೆ. ಒಂದು ಕೈಯಲ್ಲಿ ನಿನ್ನ ಚೀಲ ಹಿಡಿದು, ಇನ್ನೊಂದು ಕೈಯಲ್ಲಿ ನೀನೇ ಮಡಚು, ಎತ್ತು. ಮೂರು ಗಾಲಿಯವು 10 ಕಿಲೋ ಮೇಲೆಯೇ ತೂಗುವುದು ಹೆಚ್ಚು. ಮಡಚಿದ ಮೇಲೂ ದೊಡ್ಡ ಗಾಲಿಗಳು ಡಿಕ್ಕಿಯಲ್ಲಿ ಜಾಗ ತಿನ್ನುತ್ತವೆ. ಗಾಲಿ ಕಳಚಿ ಇಡುವುದಾದರೆ, ಮರಳಿ ಹಾಕಿದಾಗ ಪ್ರತಿಸಲವೂ ಎಳೆದು ನೋಡು. ಸುಲಭವಾಗಿ ಕಳಚುವ ಮುಂದಿನ ಗಾಲಿ ನಡುದಾರಿಯಲ್ಲಿ ಬೇರ್ಪಟ್ಟು ಮಕ್ಕಳಿಗೂ ದೊಡ್ಡವರಿಗೂ ಗಾಯವಾದ ಪ್ರಕರಣಗಳಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2018ರಲ್ಲಿ ಒಂದು ಕಂಪನಿಯ ಮೇಲೆ ದೂರು ಹೂಡಿತ್ತು. ಮಡಚುವಾಗ, ಬಿಚ್ಚುವಾಗ ಮಗು ಹತ್ತಿರ ಸುಳಿಯಬಾರದು. ಆ ಕೀಲುಗಳು ಕತ್ತರಿಯ ಹಾಗೆ, ಎಳೆ ಬೆರಳುಗಳು ಕತ್ತರಿಸಿಹೋದದ್ದುಂಟು.

ಗಾಡಿಯ ಮೇಲಿನ ಸುರಕ್ಷತಾ ಮಾನದಂಡದ ಚೀಟಿಯನ್ನೂ ನೋಡು. ಯುರೋಪಿನ ಇಎನ್ 1888ರ ಮೊದಲ ಭಾಗ 15 ಕಿಲೋವರೆಗಿನ ಮಕ್ಕಳ ಗಾಡಿಗೆ, ಎರಡನೆಯದು 22 ಕಿಲೋವರೆಗಿನದಕ್ಕೆ. ಅಮೆರಿಕದ್ದು ಎಎಸ್‌ಟಿಎಂ ಎಫ್833. ಚೀಟಿಯೇ ಇಲ್ಲದ ಗಾಡಿ ಎಷ್ಟೇ ಮಿಂಚಿದರೂ ಬೇಡ.

ನನ್ನನ್ನು ಕೇಳಿದರೆ ಮೊದಲನೆಯ ಚಿತ್ರದ್ದು. ಬುಟ್ಟಿ ಕೂರುತ್ತದೆ, ಗಾಲಿ ಬಿಗಿಯುತ್ತದೆ, ಆಸನ ತಗ್ಗಾಗಿದೆ. ಅಗಲ ಮಾತ್ರ ಚಿತ್ರದಲ್ಲಿ ತಿಳಿಯಲಿಲ್ಲ. ನೀನು ದಿನಾ ನಡೆಯುವ ದಾರಿ ಪೂರ್ತಿ ನಯವಾಗಿದ್ದು, ಮನೆ ಇಕ್ಕಟ್ಟಾಗಿದ್ದರೆ, ದೊಡ್ಡಮ್ಮನ ಮಾತು ಕೇಳಿ ನಾಲ್ಕನೆಯ ಗಾಲಿಯನ್ನು ಉಳಿಸಿಕೊ. ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಬಾಗಿಲಿನ ಅಳತೆ, ಲಿಫ್ಟಿನ ಆಳ, ಕಾರಿನ ಡಿಕ್ಕಿಯ ಮೂರೂ ಅಳತೆ, ಸೆಂಟಿಮೀಟರಿನಲ್ಲಿ, ಅಂಗುಲದಲ್ಲಲ್ಲ, ಬರೆದು ಕಳಿಸು. ನಕ್ಷೆ ಬಿಡಿಸುತ್ತೇನೆ, ಪೆನ್ಸಿಲ್ ಈಗಾಗಲೇ ಚೂಪು ಮಾಡಿಟ್ಟಿದ್ದೇನೆ.

ಕೂಸಿಗೆ ನಮ್ಮಿಬ್ಬರ ಮುತ್ತುಗಳು.

ಇಂತಿ,
ನಿನ್ನ ದೊಡ್ಡಪ್ಪ