ಊರು ಆರಿಸುವ ಮುಂಚೆ ನೀರು ಬಿಡುವವನನ್ನು ಮಾತಾಡಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರು ಬಿಟ್ಟು ಸಣ್ಣ ಊರಿಗೆ ಹೋಗಿ ನೆಲೆಸುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದುಗರ ಪತ್ರಗಳು ಬರುತ್ತಿವೆ. ಒಬ್ಬರು ಮೈಸೂರು ಅಂದರೆ ಇನ್ನೊಬ್ಬರು ಧಾರವಾಡ ಅನ್ನುತ್ತಾರೆ. ಸಕಲೇಶಪುರದ ಮಂಜು, ಸಾಗರದ ಹಸಿರು, ಸೈಟಿನ ಚದರಡಿ ಬೆಲೆ, ವಂದೇ ಭಾರತ್ ರೈಲು ಎಲ್ಲವೂ ಬಂತು. ನೀರಿನ ಮಾತು ಮಾತ್ರ ಒಬ್ಬರೂ ಎತ್ತಲಿಲ್ಲ. ಬೆಂಗಳೂರಿನ ದಕ್ಷಿಣ ಭಾಗದ ಬೀದಿಗಳಲ್ಲಿ ವಾಲ್ವ್ ತಿರುಗಿಸುತ್ತಲೇ ನಿವೃತ್ತನಾದವನು ನಾನು. ನಾನೂ ನನ್ನ ಮನೆಯವರೂ ಈಗ ಊರು ಬದಲಿಸುವ ತಯಾರಿಯಲ್ಲಿದ್ದೇವೆ. ಮಗ ಪುಣೆಯಲ್ಲಿದ್ದಾನೆ, ಇಲ್ಲಿನ ಬಾಡಿಗೆ ಪಿಂಚಣಿಯ ಅರ್ಧ ತಿನ್ನುತ್ತಿದೆ. ಹಾಗಾಗಿ ಒಂದಷ್ಟು ಊರು ಸುತ್ತಿ ಬಂದೆವು. ಬಸ್ಸಿನಲ್ಲಿ ಮನೆಯವರಿಗೆ ಶಕ್ತಿ ಯೋಜನೆಯ ಟಿಕೆಟ್, ನನಗೆ ಹಿರಿಯ ನಾಗರಿಕರ ರಿಯಾಯಿತಿ. ಖರ್ಚು ಹೆಚ್ಚಾಗಲಿಲ್ಲ.

ಬೆಂಗಳೂರಿಗೆ ಕಾವೇರಿ ಸುಮ್ಮನೆ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ ಸುಮಾರು 500 ಮೀಟರ್ ಎತ್ತರಕ್ಕೆ ಹತ್ತಿಸಬೇಕು. ಅಲ್ಲಿ ಕರೆಂಟು ಕೈಕೊಟ್ಟರೆ ಇಲ್ಲಿ ನಮ್ಮ ಮೊಬೈಲು ಹೊಡೆದುಕೊಳ್ಳಲು ಶುರು. ಇನ್ನು ಬಂದ ನೀರನ್ನು ಹಂಚುವ ಕತೆಯೇ ಬೇರೆ. ವಾಲ್ವ್ ಪೂರ್ತಿ ತೆರೆದರೆ ತಗ್ಗಿನ ಮನೆಗಳು ಸಂಪು ತುಂಬಿಸಿಕೊಂಡು ಕಾರು ತೊಳೆಯುತ್ತವೆ, ದಿಬ್ಬದ ಮೇಲಿನ ನಲ್ಲಿಗಳಲ್ಲಿ ಬರೀ ಗಾಳಿ ಬುಸ್ಸೆನ್ನುತ್ತದೆ. ಅದಕ್ಕೇ ಗುಂಡಿಗೆ ಉದ್ದನೆಯ ಕೀಲಿ ಇಳಿಸಿ, ತಗ್ಗಿನ ಲೈನನ್ನು ನಾಲ್ಕೈದು ಸುತ್ತು ಬಿಗಿ ಮಾಡಿ, ದಿಬ್ಬದ ಕಡೆಗೆ ಒತ್ತಡ ಏರುವ ತನಕ ಕಾಯಬೇಕು. ಕೀಲಿಯ ತುದಿಗೆ ಕಿವಿ ಕೊಟ್ಟರೆ ಪೈಪಿನೊಳಗೆ ನೀರು ಓಡುತ್ತಿದೆಯೋ ತೆವಳುತ್ತಿದೆಯೋ ಗೊತ್ತಾಗುತ್ತದೆ. ಎರಡೂ ಕಡೆಯವರು ಬೈಯುತ್ತಾರೆ, ಅದು ಕೆಲಸದ ಭಾಗ.

2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಒಣಗಿ ಅಪಾರ್ಟ್‌ಮೆಂಟಿನವರೂ ಬಕೆಟ್ ಹಿಡಿದು ಟ್ಯಾಂಕರಿನ ಮುಂದೆ ನಿಂತದ್ದನ್ನು ನೀವೇ ಮುಖಪುಟದಲ್ಲಿ ಹಾಕಿದ್ದಿರಿ. ಅದೇ ವರ್ಷ ಅಕ್ಟೋಬರ್ 16ರಂದು ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳು ಅಷ್ಟು ವರ್ಷ ಕಾದಿದ್ದವು. ಈ ತಾಪತ್ರಯ ಬೇಡ ಅಂತ ಊರು ಬಿಡುವವರು, ಹೋಗುವ ಊರಿನಲ್ಲಿ ನೀರು ಎಲ್ಲಿಂದ ಬರುತ್ತದೆ ಅಂತ ಕೇಳುವುದಿಲ್ಲವಲ್ಲ ಅನ್ನುವುದೇ ನನ್ನ ಆಶ್ಚರ್ಯ.

ನೋಡಲು ಹೋಗುವುದಾದರೆ ಯುಗಾದಿ ಕಳೆದ ಮೇಲೆ ಹೋಗಿ. ದಸರಾ ರಜೆಯಲ್ಲಿ ಎಲ್ಲ ಊರೂ ಚೆನ್ನಾಗಿಯೇ ಕಾಣುತ್ತದೆ. ಏಪ್ರಿಲ್ ಕೊನೆಯಲ್ಲಿ ಬೆಳಗಿನ ಜಾವ ಒಂದು ಬಡಾವಣೆಯೊಳಗೆ ನಡೆಯಿರಿ. ಮನೆಗಳ ಮುಂದೆ ನೀಲಿ ಡ್ರಮ್ಮುಗಳಿವೆಯೇ? ನಲ್ಲಿ ಎಷ್ಟು ಎತ್ತರದಲ್ಲಿದೆ? ಒತ್ತಡ ಇಲ್ಲದ ಕಡೆ ಜನ ಗೇಟಿನ ಪಕ್ಕ ಮೊಣಕಾಲುದ್ದ ಗುಂಡಿ ತೋಡಿ, ಪೈಪನ್ನು ಕೆಳಗೆ ಇಳಿಸಿ, ಬಿಂದಿಗೆಯನ್ನು ಗುಂಡಿಯೊಳಗಿಟ್ಟು ಹಿಡಿಯುತ್ತಾರೆ. ಅದರ ಮೇಲೊಂದು ಕಡಪ ಕಲ್ಲು ಮುಚ್ಚಿರುತ್ತಾರೆ, ಬ್ರೋಕರ್ ಜೊತೆ ಹೋದರೆ ಕಣ್ಣಿಗೆ ಬೀಳುವುದಿಲ್ಲ. ನೀರು ಬಂದ ಹೊತ್ತಿಗೆ ಸಾಲಾಗಿ ಮೋಟರ್ ಸದ್ದು ಕೇಳಿಸಿತೋ, ಲೈನಿಗೇ ಮೋಟರ್ ಹಾಕಿ ಎಳೆಯುತ್ತಿದ್ದಾರೆ ಅಂತ ಅರ್ಥ. ಮೋಟರ್ ಇಲ್ಲದ ಬಾಡಿಗೆದಾರನಿಗೆ ಆ ಬೀದಿಯಲ್ಲಿ ಉಳಿಯುವುದು ತಳದ ಕೆಸರು. ಕೊನೆಗೆ ನೀರು ಬಿಡುವವನನ್ನು ಹುಡುಕಿ ಒಂದು ಟೀ ಕುಡಿಸಿ, "ಮೇ ತಿಂಗಳಲ್ಲಿ ಎಷ್ಟು ದಿನಕ್ಕೊಂದು ಸಲ ಬಿಡ್ತೀಯಪ್ಪಾ?" ಅಂತ ಕೇಳಿ. ಕಚೇರಿಯಲ್ಲಿ ಕೇಳಿದರೆ "ಸಮರ್ಪಕವಾಗಿದೆ" ಅನ್ನುತ್ತಾರೆ. ಅವನು ದಿನ ಎಣಿಸಿ ಹೇಳುತ್ತಾನೆ.

ಧಾರವಾಡ ನಮ್ಮ ಮನೆಯವರಿಗೆ ತುಂಬಾ ಹಿಡಿಸಿತು. ಮರಗಳ ನೆರಳು, ಪೇಡೆ, ಮಾತಿನ ಸೊಗಸು, ಸತ್ತೂರಿನಲ್ಲೇ ದೊಡ್ಡ ಆಸ್ಪತ್ರೆ. ನಾವು ಉಳಿದುಕೊಂಡಿದ್ದ ಪರಿಚಯದವರ ಪಕ್ಕದ ಮನೆಯಾಕೆ ಮಾರನೇ ದಿನ ಹತ್ತಿರದ ಸಂಬಂಧಿಕರ ಮದುವೆಗೆ ಹೋಗಬೇಕಿತ್ತು. "ನಾಳೆ ನಳಾ ಬರೋ ದಿವ್ಸ ಐತ್ರಿ, ನಾ ಬರಂಗಿಲ್ಲ, ಅವರಷ್ಟ ಹೋಗ್ತಾರ" ಅಂದುಬಿಟ್ಟರು. ಅದನ್ನು ಕೇಳಿ ಯಾರೂ ನಗಲಿಲ್ಲ, ಅಲ್ಲಿ ಅದು ನ್ಯಾಯವಾದ ಕಾರಣ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನದ 24 ಗಂಟೆಯೂ ನೀರು. ಬೆಳಗಾವಿ, ಕಲಬುರಗಿಯಲ್ಲೂ ಆಗಲೇ ಕೆಲವು ವಾರ್ಡುಗಳಿಗೆ ಕೊಟ್ಟರು. ಆದರೆ ಹುಬ್ಬಳ್ಳಿ-ಧಾರವಾಡದಲ್ಲೇ, ಅದೇ ಮಲಪ್ರಭಾ ನದಿಯ ನೀರಿಗೆ ಪಕ್ಕದ ವಾರ್ಡಿನವರು ದಿನಗಟ್ಟಲೆ ಕಾಯುತ್ತಾರೆ. ಹಾಗಿರುವಾಗ "ಧಾರವಾಡ ಹೇಗೆ?" ಅಂತ ಕೇಳಿದರೆ ಉತ್ತರವೇ ಇಲ್ಲ. ಯಾವ ವಾರ್ಡು, ಯಾವ ಟ್ಯಾಂಕಿನ ಲೈನು ಅಂತ ಕೇಳಬೇಕು.

ಮಳೆ ಜಾಸ್ತಿ ಇದ್ದರೆ ನೀರೂ ಜಾಸ್ತಿ ಅಂದುಕೊಂಡವರು ಮೇ ತಿಂಗಳಲ್ಲಿ ಉಡುಪಿಗೆ ಹೋಗಿ ಬರಲಿ. ಬೆಂಗಳೂರಿನ ನಾಲ್ಕು ಪಟ್ಟು ಮಳೆ ಬೀಳುವ ಸೀಮೆ ಅದು. ಆದರೂ 2019ರಲ್ಲಿ, ಮತ್ತೆ 2023ರಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ಸರದಿ ಹಾಕಬೇಕಾಯಿತು. ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲೂ ಅದೇ ಪಾಡು. ಸುರಿದದ್ದೆಲ್ಲ ನಾಲ್ಕು ತಿಂಗಳಲ್ಲಿ ಸಮುದ್ರ ಸೇರಿರುತ್ತದೆ, ಕಿಂಡಿ ಅಣೆಕಟ್ಟಿನಲ್ಲಿ ನಿಲ್ಲುವುದು ಎಷ್ಟು? ಸ್ವಂತ ಬಾವಿ ಇದ್ದು, ಅದು ಬೇಸಿಗೆಯಲ್ಲೂ ಬತ್ತದು ಅಂತ ಅಕ್ಕಪಕ್ಕದವರು ಹೇಳಿದರೆ ಆ ಮಾತು ಬೇರೆ.

ಮೈಸೂರಿಗೆ ಕಾವೇರಿಯೂ ಉಂಟು, ಕಬಿನಿಯೂ ಉಂಟು. ಹಳೇ ಬಡಾವಣೆಗಳ ಬಗ್ಗೆ ನನ್ನ ತಕರಾರಿಲ್ಲ, ಅಲ್ಲಿನ ಬಾಡಿಗೆ ಕೇಳಿಯೇ ವಾಪಸ್ ಬಂದೆವು. ನಮ್ಮ ಕೈಗೆಟುಕುವುದು ಹೊರವಲಯದ ಖಾಸಗಿ ಬಡಾವಣೆ. ಅಲ್ಲಿ ಒಂದು ಕಡೆ ಕಮಾನು, ಪಾರ್ಕು, ಕಾರಂಜಿ ಎಲ್ಲ ಇತ್ತು. ಕಾರಂಜಿಯಲ್ಲಿ ನೀರಿರಲಿಲ್ಲ. ವಿಚಾರಿಸಿದರೆ ಬಡಾವಣೆ ಇನ್ನೂ ಸ್ಥಳೀಯ ಸಂಸ್ಥೆಗೆ ಹಸ್ತಾಂತರವೇ ಆಗಿಲ್ಲ, ಡೆವಲಪರ್ ಕೊರೆಸಿದ ಬೋರ್‌ವೆಲ್ಲೇ ಗತಿ. ಅದು ಸೋತರೆ ಟ್ಯಾಂಕರು. ಖಾತೆ, ಇ.ಸಿ., ಭೂ ಪರಿವರ್ತನೆಯ ಆದೇಶ ಎಲ್ಲವನ್ನೂ ವಕೀಲರಿಗೆ ತೋರಿಸುವವರು, ಹಸ್ತಾಂತರದ ಪತ್ರ ಇದೆಯೇ ಅಂತ ಒಂದು ಮಾತು ಕೇಳುವುದನ್ನು ಮರೆಯಬೇಡಿ.

ಕೋಲಾರದಲ್ಲಿ ಸೈಟು ತೋರಿಸಿದವನು ಪಶ್ಚಿಮ ಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಯ ಹೆಸರು ಹೇಳಿ ಬೆಲೆ ಏರಿಸಿದ. ಸದ್ಯಕ್ಕೆ ಆ ಕಡೆಯ ಕೆರೆಗಳನ್ನು 2018ರಿಂದ ತುಂಬಿಸುತ್ತಿರುವುದು ನಾವು ಬೆಂಗಳೂರಿನವರು ಬಳಸಿ ಬಿಟ್ಟು, ಸಂಸ್ಕರಿಸಿದ ನೀರು. ಅಂತರ್ಜಲಕ್ಕೆ ಅದರಿಂದ ಅನುಕೂಲವಾಗಿದೆ, ಇಲ್ಲ ಅನ್ನುವುದಿಲ್ಲ. ನನಗೇನೋ ಮನಸ್ಸು ಒಪ್ಪಲಿಲ್ಲ. ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಮನೆಯವರು ಸೋತರು, ಬಿಸಿಲಿಗೆ ನಾನು ಸೋತೆ. ಭದ್ರಾ ನಾಲೆಯಲ್ಲಿ ನೀರು ಬಿಟ್ಟಾಗ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸಿಟ್ಟುಕೊಳ್ಳುವ ಊರು ಅದು, ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದಲೂ ಎತ್ತುತ್ತಾರೆ. ನಾಲೆ ನಿಲ್ಲಿಸಿದ ದಿನಗಳಲ್ಲಿ ಅಲ್ಲಿನ ನನ್ನ ಕಸುಬಿನವರಿಗೆ ನಿದ್ದೆ ಇರಲಿಕ್ಕಿಲ್ಲ.

ಹಾಗೆ ನಾಲೆಯ ಜಾಡು ಹಿಡಿದು ಮೇಲಕ್ಕೆ ಹೋಗಿ ನಾವು ಒಪ್ಪಿದ್ದು ಭದ್ರಾವತಿಯನ್ನು. ಹೇಳಿದರೆ ಎಲ್ಲರೂ ಮುಖ ನೋಡುತ್ತಾರೆ. ಕಾಗದದ ಕಾರ್ಖಾನೆ ನಿಂತುಹೋಗಿದೆ, ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ ಕುಂಟುತ್ತಿದೆ. 2001ಕ್ಕಿಂತ 2011ರ ಜನಗಣತಿಯಲ್ಲಿ ಜನಸಂಖ್ಯೆ ಕಡಿಮೆಯಾದ ಊರು ಅದು. "ಎಲ್ಲರೂ ಬಿಟ್ಟು ಬರೋ ಊರಿಗೆ ನಾವು ಹೋಗೋದಾ?" ಅಂತ ಮನೆಯವರೂ ಕೇಳಿದರು. ಕೆಲಸ ಹುಡುಕುವ ಹುಡುಗರಿಗೆ ಅದು ಊರಲ್ಲ, ಒಪ್ಪಿದೆ. ನಾವು ಕೆಲಸ ಮುಗಿಸಿದವರು. ಭದ್ರಾ ನದಿ ಊರಿನ ನಡುವೆಯೇ ಹರಿಯುತ್ತದೆ, ಮೇಲ್ಗಡೆ ಲಕ್ಕವಳ್ಳಿಯಲ್ಲಿ 186 ಅಡಿಯ ಜಲಾಶಯ. ನೀರು ತರಲು ನೂರು ಕಿಲೋಮೀಟರ್ ಪಂಪು ಮಾಡಬೇಕಿಲ್ಲ. ಬಾಡಿಗೆ ನಮ್ಮ ಪಿಂಚಣಿಗೆ ಹೊಂದುತ್ತದೆ. ಬೆಂಗಳೂರಿಗೆ ರೈಲುಗಳಿವೆ, ದೊಡ್ಡ ಆಸ್ಪತ್ರೆಗೆ ಶಿವಮೊಗ್ಗ ಹತ್ತಿರ. ಹೃದಯದ ತೊಂದರೆ ಇರುವವರು ಮಾತ್ರ ಇದರ ಬಗ್ಗೆ ಇನ್ನೊಂದು ಸಲ ಯೋಚಿಸಬೇಕು. ನಮ್ಮಿಬ್ಬರಿಗೂ ಸದ್ಯ ಬಿ.ಪಿ., ಶುಗರ್ ಬಿಟ್ಟರೆ ಬೇರೇನಿಲ್ಲ.

ತೊಂದರೆ ಇಲ್ಲವೇ? ಇದೆ. ಜಲಾಶಯ ತುಂಬಿ ಗೇಟು ಎತ್ತಿದಾಗ ಹೊಸ ಸೇತುವೆ ಮುಳುಗುತ್ತದೆ, ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. ನೀರು ಕಡಿಮೆ ಅಂತ ಬೈಸಿಕೊಂಡು ಬದುಕಿದವನಿಗೆ ಹೆಚ್ಚಾದ ನೀರಿನ ಭಯ ಹೊಸದು. ಅದಕ್ಕೇ ಈಗ ಏಪ್ರಿಲ್‌ನಲ್ಲಿ ನೋಡಿ ಬಂದ ಬೀದಿಗಳನ್ನೇ ಆಗಸ್ಟ್‌ನಲ್ಲಿ ಇನ್ನೊಮ್ಮೆ ನೋಡಿ ಬರುವವರೆಗೆ ಮುಂಗಡ ಕೊಡುವುದಿಲ್ಲ ಅಂತ ತೀರ್ಮಾನಿಸಿದ್ದೇವೆ.

ಸಂಪಾದಕರಲ್ಲಿ ಒಂದು ಕೋರಿಕೆ. ಜಲಾಶಯಗಳ ಮಟ್ಟವನ್ನು ದಿನಾ ಹಾಕುತ್ತೀರಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ, ಯಾವ ನಗರದ ಯಾವ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತಿದೆ ಅನ್ನುವ ಪಟ್ಟಿಯನ್ನೂ ಹಾಕಿ. ನಿಮ್ಮ ವರದಿಗಾರರಿಗೆ ಅದು ಒಂದು ಫೋನ್ ಕರೆಯ ಕೆಲಸ. ಇನ್ನು ಭದ್ರಾವತಿಯ ಓದುಗರಲ್ಲಿ ಯಾರಾದರೂ, ಗೇಟು ಎತ್ತಿದಾಗಲೂ ನೀರು ಹತ್ತದ, ಅಂಗಡಿಗೆ ನಡೆದು ಹೋಗಬಹುದಾದ ಬೀದಿ ಯಾವುದು ಅಂತ ಇದೇ ಅಂಕಣದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ. ಎರಡು ಕೋಣೆ ಸಾಕು. ನೆಲ ಅಂತಸ್ತು ಬೇಡ, ಮೂರನೇ ಮಹಡಿಯೂ ಬೇಡ.

ಇಂತಿ,
ನಿವೃತ್ತ ವಾಲ್ವ್‌ಮನ್,
ಬೆಂಗಳೂರು